‘ಲೆ ಫೇಯ್ ಮೋರ್ತ್’ ಮತ್ತು ‘ಆಟಮ್ ಲೀವ್ಸ್’: ಹಲವು ಭಾಷೆಗಳ ಒಂದು ಪ್ರೇಮಗೀತೆ – ಪದೇ ಪದೇ ಕೇಳುವ ಪ್ರಶ್ನೆಗಳು

ಅಗಲಿದ ಪ್ರೇಮಿಯನ್ನು ನೆನೆಯುವ ಹಾಡುಗಳು ಎಲ್ಲ ಭಾಷೆಯಲ್ಲೂ ಇವೆ. ಆದರೆ ಪ್ಯಾರಿಸ್‌ನಲ್ಲಿ ಹುಟ್ಟಿದ ಈ ಒಂದು ಹಾಡು ಊರೂರು ಸುತ್ತಿ, ಭಾಷೆ ಬದಲಿಸಿ, ಕೊನೆಗೆ ಮಾತೇ ಇಲ್ಲದೆಯೂ ಬದುಕಿತು. ಹಾಡು ಇಷ್ಟವಾಗಿ ಅದರ ಹಿಂದಿನ ಕಥೆ ಹುಡುಕುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಕೆಲವು ಉತ್ತರ ಉದ್ದ ಆಗಿವೆ. ಹೇಳುವುದು ಅಲ್ಲೇ ಜಾಸ್ತಿ ಇತ್ತು.

ಇದು ಯಾವ ಹಾಡು? ನಾನು ಕೇಳಿರಬಹುದಾ?

ಕೇಳಿರುವ ಸಾಧ್ಯತೆಯೇ ಜಾಸ್ತಿ. ಹೆಸರು ಗೊತ್ತಿಲ್ಲದೆ ಕೇಳಿರುತ್ತೀರಿ. ದೊಡ್ಡ ಹೋಟೆಲಿನಲ್ಲಿ ಯಾರೋ ಪಿಯಾನೋ ನುಡಿಸುತ್ತಿರುವಾಗ, ಹಳೆ ಇಂಗ್ಲಿಷ್ ಹಾಡುಗಳ ಪಟ್ಟಿಯಲ್ಲಿ, ಜಾಝ್ ಕಲಿಯುವ ಗೆಳೆಯರ ಗಿಟಾರಿನಲ್ಲಿ ಇದು ಬಂದಿರುತ್ತದೆ. ಫ್ರೆಂಚಿನಲ್ಲಿ ಇದರ ಹೆಸರು ‘ಲೆ ಫೇಯ್ ಮೋರ್ತ್’, ಅಂದರೆ ಸತ್ತ ಎಲೆಗಳು, ನಮ್ಮ ಮಾತಿನಲ್ಲಿ ತರಗೆಲೆ. ಇಂಗ್ಲಿಷಿನಲ್ಲಿ ‘ಆಟಮ್ ಲೀವ್ಸ್’.

ಇದು ಮೂಲದಲ್ಲಿ ಇಂಗ್ಲಿಷ್ ಹಾಡಲ್ವಾ?

ಅಲ್ಲ. ಮೂಲ ಫ್ರೆಂಚ್. ಸಾಹಿತ್ಯ ಬರೆದವರು ಕವಿ ಜಾಕ್ ಪ್ರೆವೆರ್. ಸಂಗೀತ ಜೋಸೆಫ್ ಕೋಸ್ಮಾ ಅವರದು. ಇಂಗ್ಲಿಷ್ ಸಾಹಿತ್ಯವನ್ನು ಅಮೆರಿಕದ ಜಾನಿ ಮರ್ಸರ್ ಆಮೇಲೆ ಬರೆದರು. ಮರ್ಸರ್ ಬರೆದದ್ದು ಅನುವಾದ ಅಲ್ಲ. ಅದೇ ಮಟ್ಟಿಗೆ ಬರೆದ ಬೇರೆ ಹಾಡು ಅಂತಲೇ ಹೇಳಬೇಕು. ಯಾಕೆ ಅಂತ ಮುಂದೆ ವಿವರವಾಗಿ ಹೇಳುತ್ತೇನೆ.

ಮೊದಲು ಬಂದದ್ದು ಮಟ್ಟೋ, ಸಾಹಿತ್ಯವೋ?

ಮಟ್ಟು. ಅದೂ ಹಾಡಿಗೆ ಅಂತ ಹುಟ್ಟಿದ್ದಲ್ಲ, ಕುಣಿತಕ್ಕೆ ಹುಟ್ಟಿದ್ದು. ರೊಲಾಂ ಪೆತಿ ಅನ್ನುವ ಯುವ ನೃತ್ಯ ಸಂಯೋಜಕ ‘ಲೆ ರಾಂದೆವೂ’ ಅನ್ನುವ ಬ್ಯಾಲೆ ಮಾಡಿದರು. 1945ರ ಜೂನ್‌ನಲ್ಲಿ ಪ್ಯಾರಿಸ್‌ನ ಸಾರಾ ಬರ್ನಾರ್ಟ್ ಥಿಯೇಟರಿನಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. ಕಥೆ ಪ್ರೆವೆರ್ ಅವರದು, ಸಂಗೀತ ಕೋಸ್ಮಾ ಅವರದು. ರಂಗದ ಹಿನ್ನೆಲೆಗೆ ಬ್ರಸಾಯ್ ತೆಗೆದ ಫೋಟೋಗಳು, ಮುಂದಿನ ಪರದೆ ಪಿಕಾಸೊ ಅವರದು. ಜರ್ಮನ್ನರ ಹಿಡಿತದಿಂದ ಪ್ಯಾರಿಸ್ ಬಿಡುಗಡೆಯಾಗಿ ಆಗ ಇನ್ನೂ ಒಂದು ವರ್ಷ ಆಗಿರಲಿಲ್ಲ. ಊರಿನಲ್ಲಿ ಊಟಕ್ಕೂ ಕಲ್ಲಿದ್ದಲಿಗೂ ಪರದಾಟ ಇತ್ತು. ಅಂಥ ಹೊತ್ತಿನಲ್ಲಿ ಇಷ್ಟು ಜನ ದೊಡ್ಡವರು ಒಂದೇ ರಂಗಕ್ಕೆ ಕೈ ಹಾಕಿದ್ದರು ಅನ್ನುವುದೇ ನನಗೆ ದೊಡ್ಡ ಸಂಗತಿ.

ಆ ಬ್ಯಾಲೆಯಲ್ಲಿದ್ದ ಒಂದು ಸ್ವರಪಂಕ್ತಿಯನ್ನು ಮುಂದೆ ಸಿನಿಮಾಕ್ಕೆ ತೆಗೆದುಕೊಂಡರು. ಅದಕ್ಕೆ ಪ್ರೆವೆರ್ ಮಾತು ಕೂರಿಸಿದರು. ನಮ್ಮ ಸಿನಿಮಾ ಹಾಡುಗಳ ಪದ್ಧತಿಯೂ ಇದೇ ತಾನೇ? ಮೊದಲು ಟ್ಯೂನ್, ಆಮೇಲೆ ಸಾಹಿತ್ಯ. ಟ್ಯೂನಿಗೆ ಬರೆದದ್ದು ಕವಿತೆ ಆಗೋದಿಲ್ಲ ಅನ್ನುವವರಿಗೆ ಈ ಹಾಡು ಒಳ್ಳೆ ಉತ್ತರ.

ಕೋಸ್ಮಾ ಅಂದರೆ ಯಾರು? ಹೆಸರು ಅಷ್ಟಾಗಿ ಕೇಳಿಲ್ಲ.

ಇವರ ಹೆಸರು ಜನರ ಬಾಯಲ್ಲಿ ಇಲ್ಲ ಅನ್ನುವುದು ನನಗೆ ಬೇಸರದ ವಿಷಯ. ಕೋಸ್ಮಾ ಫ್ರೆಂಚರಲ್ಲ. 1905ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದ ಹಂಗೇರಿಯ ಯಹೂದಿ. ಅಲ್ಲೇ ಸಂಗೀತ ಕಲಿತು ಬರ್ಲಿನ್‌ಗೆ ಹೋದರು. ಅಲ್ಲಿ ಸಂಗೀತಗಾರ ಹಾನ್ಸ್ ಐಸ್ಲರ್, ನಾಟಕಕಾರ ಬ್ರೆಕ್ಟ್ ಅವರ ಬಳಗದ ಪರಿಚಯ ಆಯಿತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಕೋಸ್ಮಾ ಪ್ಯಾರಿಸ್‌ಗೆ ಬಂದರು. ಕೈಯಲ್ಲಿ ಕಾಸಿಲ್ಲ, ಭಾಷೆಯೂ ಸರಿಯಾಗಿ ಬಾರದು. ಪ್ರೆವೆರ್ ಪರಿಚಯ ಆದದ್ದು ಆ ದಿನಗಳಲ್ಲಿ. ಇಬ್ಬರೂ ಸೇರಿ ಹತ್ತಾರು ಹಾಡು ಮಾಡಿದರು. ಜಾನ್ ರೆನ್ವಾರ್ ಅವರ ಸಿನಿಮಾಗಳಿಗೂ ಕೋಸ್ಮಾ ಸಂಗೀತ ಕೊಟ್ಟರು.

ಆಮೇಲೆ ಯುದ್ಧ ಬಂತು. ಫ್ರಾನ್ಸ್ ಜರ್ಮನ್ನರ ಕೈಗೆ ಹೋಯಿತು. ಯಹೂದಿಗಳು ಸಂಗೀತದ ಕೆಲಸ ಮಾಡುವ ಹಾಗಿಲ್ಲ ಅಂತ ನಿಷೇಧ ಬಂತು. ಕೋಸ್ಮಾ ದಕ್ಷಿಣ ಫ್ರಾನ್ಸಿನಲ್ಲಿ ಅಡಗಿ ಬದುಕಿದರು. ಪ್ರೆವೆರ್ ಮತ್ತು ಗೆಳೆಯರು ಅವರನ್ನು ಕಾಪಾಡಿದರು, ಗುಟ್ಟಾಗಿ ಕೆಲಸವನ್ನೂ ಕೊಡಿಸಿದರು. ಆ ವರ್ಷಗಳ ಒಂದೆರಡು ದೊಡ್ಡ ಸಿನಿಮಾಗಳಿಗೆ ಇವರು ಕದ್ದು ಸಂಗೀತ ಬರೆದರು. ಹೆಸರು ಹಾಕಿದ್ದು ಬೇರೆಯವರದು.

ಈ ಮಟ್ಟು ಕೇಳುವಾಗ ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಎರಡು ಊರು ಬಿಟ್ಟು ಓಡಿ, ತನ್ನ ಹೆಸರನ್ನೇ ಮುಚ್ಚಿಟ್ಟು ಬದುಕಿದ ಒಬ್ಬ ಮನುಷ್ಯ, ಮತ್ತೆ ಬೆಳಕಿಗೆ ಬಂದ ಕೂಡಲೇ ಕಟ್ಟಿದ ರಾಗ ಇದು. 1969ರಲ್ಲಿ ಅವರು ತೀರಿಕೊಂಡರು.

ಪ್ರೆವೆರ್?

ಫ್ರಾನ್ಸಿನಲ್ಲಿ ಶಾಲೆ ಮಕ್ಕಳಿಗೂ ಗೊತ್ತಿರುವ ಕವಿ. ಹುಟ್ಟಿದ್ದು 1900, ತೀರಿಕೊಂಡದ್ದು 1977. ಬೀದಿ ಮಾತಿನಲ್ಲಿ, ಪಂಡಿತರ ಭಾಷೆಯ ಹಂಗಿಲ್ಲದೆ ಬರೆದವರು. 1946ರಲ್ಲಿ ಬಂದ ಅವರ ಕವನ ಸಂಕಲನವನ್ನು ಜನ ಮುಗಿಬಿದ್ದು ಕೊಂಡರು. ಮಾರ್ಸೆಲ್ ಕಾರ್ನೆ ಅವರ ಸಿನಿಮಾಗಳಿಗೆ ಚಿತ್ರಕಥೆ ಬರೆದವರೂ ಇವರೇ.

ಸಿನಿಮಾ ಹಾಡಾಗಿ ಹಿಟ್ ಆಯಿತಾ?

ಇಲ್ಲ. ಸಿನಿಮಾ ಮಕಾಡೆ ಮಲಗಿತು.

‘ಲೆ ಪೋರ್ತ್ ದ ಲಾ ನ್ವೀ’, ಅಂದರೆ ರಾತ್ರಿಯ ಬಾಗಿಲುಗಳು. ನಿರ್ದೇಶನ ಮಾರ್ಸೆಲ್ ಕಾರ್ನೆ, ಬಿಡುಗಡೆ 1946ರ ಡಿಸೆಂಬರ್. ಮೊದಲು ಯೋಚಿಸಿದ್ದು ಜಾನ್ ಗಾಬಾಂ ಮತ್ತು ಮಾರ್ಲೀನ್ ಡೀಟ್ರಿಶ್ ಜೋಡಿಯನ್ನು. ಇಬ್ಬರೂ ಕೈಬಿಟ್ಟರು. ಆ ಜಾಗಕ್ಕೆ ಬಂದವರು ಈವ್ ಮೊಂತಾಂ ಮತ್ತು ನತಾಲಿ ನತಿಯೇ. ಮೊಂತಾಂಗೆ ಆಗ 25 ವರ್ಷ. ವೇದಿಕೆಯ ಹಾಡುಗಾರರಾಗಿ ಹೆಸರು ಮಾಡುತ್ತಿದ್ದರೂ ಇಷ್ಟು ದೊಡ್ಡ ಸಿನಿಮಾವನ್ನು ಹೊರುವ ತಾರೆ ಆಗಿರಲಿಲ್ಲ.

ಖರ್ಚು ಮಾತ್ರ ಭಾರಿ. ಪ್ಯಾರಿಸ್‌ನ ಬಾರ್ಬೆಸ್ ಮೆಟ್ರೋ ಸ್ಟೇಷನ್ನನ್ನೇ ಸ್ಟುಡಿಯೋದಲ್ಲಿ ಕಟ್ಟಿದರು. ಆದರೆ ಕಥೆ ನಡೆಯುವುದು ಯುದ್ಧದ ಕೊನೆಯ ಚಳಿಗಾಲದಲ್ಲಿ. ಶತ್ರುವಿನ ಜೊತೆ ಕೈಜೋಡಿಸಿದವರು, ದುಡ್ಡು ಮಾಡಿಕೊಂಡವರು, ಮೋಸ ಹೋದವರು ಎಲ್ಲರೂ ಅದರಲ್ಲಿ ಇದ್ದಾರೆ. ಆ ಗಾಯ ಆಗಿನ್ನೂ ಹಸಿ. ಜನಕ್ಕೆ ಅದನ್ನು ತೆರೆ ಮೇಲೆ ನೋಡುವ ಮನಸ್ಸಿರಲಿಲ್ಲ. ಹಾಡು ಕೂಡ ಸಿನಿಮಾದಲ್ಲಿ ಪೂರ್ತಿಯಾಗಿ, ಎದುರಿಗೆ ನಿಂತು ಹಾಡಿದ ಹಾಗೆ ಬರುವುದಿಲ್ಲ. ತುಣುಕು ತುಣುಕಾಗಿ, ಗುನುಗಿನಲ್ಲಿ, ಮೌತ್ ಆರ್ಗನ್ನಿನಲ್ಲಿ ಸುಳಿದು ಹೋಗುತ್ತದೆ. ಥಿಯೇಟರಿನಿಂದ ಹೊರಗೆ ಬಂದವರ ಬಾಯಲ್ಲಿ ಅದು ನಿಲ್ಲುವ ಹಾಗಿರಲಿಲ್ಲ.

ಹಾಗಾದ್ರೆ ಹಾಡನ್ನು ಉಳಿಸಿದವರು ಯಾರು?

ಗಾಯಕರು. ಪ್ಯಾರಿಸ್‌ನ ಸಣ್ಣ ಸಣ್ಣ ಕ್ಯಾಬರೆಗಳಲ್ಲಿ, ಅಂದರೆ ರಾತ್ರಿ ಹೊತ್ತು ಹಾಡು ಕೇಳುವ ಕ್ಲಬ್ಬುಗಳಲ್ಲಿ, ಇದನ್ನು ಕೈಬಿಡದೆ ಹಾಡಿದವರಲ್ಲಿ ಕೋರಾ ವೊಕೇರ್ ಮೊದಲಿಗರು. ಜೂಲಿಯೆಟ್ ಗ್ರೇಕೋ ಹಾಡಿದರು. ಮೊಂತಾಂ ಅಂತೂ ಸಿನಿಮಾ ಸೋತರೂ ಹಾಡನ್ನು ಬಿಡಲಿಲ್ಲ. 1949ರಲ್ಲಿ ರೆಕಾರ್ಡ್ ಮಾಡಿದರು, ತಮ್ಮ ಕಾರ್ಯಕ್ರಮಗಳಲ್ಲಿ ಮತ್ತೆ ಮತ್ತೆ ಹಾಡಿದರು. ಇವತ್ತಿಗೂ ಫ್ರೆಂಚರಿಗೆ ಈ ಹಾಡು ಅಂದರೆ ಮೊಂತಾಂ ದನಿಯೇ.

ಅವರ ರೆಕಾರ್ಡಿಂಗ್ ಕೇಳಿದರೆ ಕಾರಣ ಗೊತ್ತಾಗುತ್ತದೆ. ಮೊದಲ ಭಾಗವನ್ನು ಅವರು ಹಾಡುವುದೇ ಇಲ್ಲ ಅನ್ನಬಹುದು, ಮಾತಾಡುತ್ತಾರೆ. ಎದುರಿಗೆ ಕೂತವರಿಗೆ ಹೇಳಿದ ಹಾಗೆ. ಪಲ್ಲವಿ ಬಂದಾಗ ಮಾತ್ರ ದನಿ ರಾಗಕ್ಕೆ ಜಾರುತ್ತದೆ.

ಫ್ರೆಂಚ್ ಹಾಡಿನಲ್ಲಿ ನಿಜಕ್ಕೂ ಏನಿದೆ?

ಎರಡು ಭಾಗ ಇವೆ. ಮೊದಲನೆಯದು ಪೀಠಿಕೆಯ ಹಾಗೆ, ಮಾತಿಗೆ ಹತ್ತಿರ. ಎರಡನೆಯದು ಪಲ್ಲವಿ, ಲೋಕಕ್ಕೆಲ್ಲ ಗೊತ್ತಿರುವ ಮಟ್ಟು.

ಪೀಠಿಕೆಯಲ್ಲಿ ಒಬ್ಬ ತನ್ನ ಹಳೆಯ ಪ್ರೇಮಿಗೆ ಹೇಳುತ್ತಾನೆ: ನಾವು ಸುಖವಾಗಿದ್ದ ದಿನಗಳು ನಿನಗೆ ನೆನಪಿರಲಿ ಅಂತ ನನಗೆ ತುಂಬ ಆಸೆ. ಆಗ ಬದುಕು ಇದಕ್ಕಿಂತ ಚಂದ ಇತ್ತು, ಬಿಸಿಲೂ ಇದಕ್ಕಿಂತ ಬಿಸಿ ಇತ್ತು. ಆಮೇಲೆ ಹಾಡಿಗೆ ಹೆಸರು ಕೊಟ್ಟ ಚಿತ್ರ ಬರುತ್ತದೆ. ತರಗೆಲೆಗಳನ್ನು ಸಲಿಕೆಯಲ್ಲಿ ಬಾಚಿ ತುಂಬುತ್ತಾರೆ. ನೆನಪುಗಳನ್ನೂ, ಪಶ್ಚಾತ್ತಾಪಗಳನ್ನೂ ಹಾಗೇ ಬಾಚಬೇಕು, ಅಷ್ಟಿವೆ. ಬಡಗಣ ಗಾಳಿ ಅವನ್ನು ಮರೆವಿನ ಚಳಿ ರಾತ್ರಿಗೆ ಹೊತ್ತುಕೊಂಡು ಹೋಗುತ್ತದೆ. ಆದರೆ ನೋಡು, ನೀನು ಹಾಡುತ್ತಿದ್ದ ಹಾಡನ್ನು ನಾನು ಮರೆತಿಲ್ಲ.

ಸಲಿಕೆ ಅನ್ನುವುದನ್ನು ಗಮನಿಸಿ. ಪ್ರೇಮಗೀತೆಯಲ್ಲಿ ಯಾರಾದರೂ ಸಲಿಕೆ ತರುತ್ತಾರಾ? ಪ್ರೆವೆರ್ ತಂದರು. ಎಲೆ ಸುಂದರವಾಗಿ ತೇಲಿ ಬೀಳುವುದಲ್ಲ ಇಲ್ಲಿ ಮುಖ್ಯ. ಬಿದ್ದ ಮೇಲೆ ಯಾರೋ ಅದನ್ನು ಗುಡಿಸಿ ಎತ್ತಬೇಕಲ್ಲ, ಆ ಕೆಲಸ ಮುಖ್ಯ. ಮಲೆನಾಡಿನಲ್ಲಿ ಬೇಸಗೆ ಮುಂಚೆ ಕೊಟ್ಟಿಗೆಗೆ ದರಗು ಗುಡಿಸಿ ತರುವವರಿಗೆ ಈ ಸಾಲು ಪ್ಯಾರಿಸ್‌ನವರಿಗಿಂತ ಬೇಗ ಅರ್ಥ ಆಗುತ್ತದೆ.

ಈಗ ಪಲ್ಲವಿ. ಆ ಹಾಡು ನಮ್ಮ ಹಾಗೇ ಇದೆ ಅನ್ನುತ್ತಾನೆ. ನೀನು ನನ್ನನ್ನು ಪ್ರೀತಿಸಿದೆ, ನಾನು ನಿನ್ನನ್ನು ಪ್ರೀತಿಸಿದೆ, ಇಬ್ಬರೂ ಒಟ್ಟಿಗೆ ಬಾಳಿದೆವು. ಆದರೆ ಪ್ರೀತಿಸುವವರನ್ನು ಬದುಕು ಮೆಲ್ಲಗೆ, ಸದ್ದಿಲ್ಲದೆ ಬೇರೆ ಮಾಡುತ್ತದೆ. ಅಗಲಿದ ಪ್ರೇಮಿಗಳ ಹೆಜ್ಜೆ ಗುರುತನ್ನು ಮರಳಿನ ಮೇಲಿಂದ ಕಡಲು ಅಳಿಸುತ್ತದೆ.

ಅಷ್ಟೇ. ಒಂದು ವಿಷಯ ಕಣ್ಣಿಗೆ ಬಿತ್ತಾ? ಪಲ್ಲವಿಯಲ್ಲಿ ಎಲೆಯೇ ಇಲ್ಲ! ಲೋಕವೆಲ್ಲ ಎಲೆ ಉದುರುವ ರಾಗ ಅಂತ ನಂಬಿರುವ ಆ ಮಟ್ಟಿನ ಮೇಲೆ ಫ್ರೆಂಚಿನಲ್ಲಿ ಇರುವುದು ಎಲೆ ಅಲ್ಲ. ಒಂದು ಹಾಡು, ಇಬ್ಬರು ಮನುಷ್ಯರು, ಕಡಲು. ಎಲೆಗಳೆಲ್ಲ ಪೀಠಿಕೆಯಲ್ಲೇ ಉಳಿದಿವೆ.

ಕಡಿಮೆ ಜನ ಹಾಡುವ ಎರಡನೇ ಪೀಠಿಕೆಯೂ ಇದೆ. ಅದರಲ್ಲಿ ಅವನು ತನ್ನ ಮೂಕ ಪ್ರೀತಿ ಇನ್ನೂ ನಗುತ್ತಿದೆ, ಬದುಕಿಗೆ ಥ್ಯಾಂಕ್ಸ್ ಹೇಳುತ್ತಿದೆ ಅನ್ನುತ್ತಾನೆ. ಅದನ್ನು ಬಿಟ್ಟರೆ ಹಾಡು ಬರೀ ದುಃಖದ್ದು ಅನ್ನಿಸುತ್ತದೆ. ಸೇರಿಸಿಕೊಂಡರೆ ಹಾಗನ್ನಿಸುವುದಿಲ್ಲ.

ಇಂಗ್ಲಿಷಿನಲ್ಲಿ ಏನೇನು ಬದಲಾಯಿತು?

ಸುಮಾರಾಗಿ ಎಲ್ಲವೂ. ಜಾನಿ ಮರ್ಸರ್ ಜಾರ್ಜಿಯಾದ ಸವಾನಾ ಊರಿನವರು. ಅಮೆರಿಕದ ದೊಡ್ಡ ಗೀತರಚನೆಕಾರರಲ್ಲಿ ಒಬ್ಬರು, 1942ರಲ್ಲಿ ಕ್ಯಾಪಿಟಲ್ ರೆಕಾರ್ಡ್ಸ್ ಕಟ್ಟಿದ ಮೂವರಲ್ಲಿ ಒಬ್ಬರು. ಫ್ರೆಂಚ್ ಹಾಡಿನ ಹಕ್ಕು ಅಮೆರಿಕಕ್ಕೆ ಬಂದಾಗ ಇಂಗ್ಲಿಷ್ ಸಾಹಿತ್ಯಕ್ಕೆ ಅವರನ್ನು ಕೇಳಿದರು. ರೈಲಿಗೆ ಹೊರಟಿದ್ದಾಗ, ಕಾರು ಬರುವುದು ತಡವಾಗಿದ್ದಕ್ಕೆ ಕಾಯುತ್ತಾ ಕೂತು ಕೆಲವೇ ನಿಮಿಷದಲ್ಲಿ ಬರೆದರು ಅನ್ನುವ ಕಥೆ ಸಂಗೀತದವರ ನಡುವೆ ಓಡಾಡುತ್ತದೆ. 1950ರಲ್ಲಿ ಜೋ ಸ್ಟಾಫರ್ಡ್, ಬಿಂಗ್ ಕ್ರಾಸ್ಬಿ ಅದನ್ನು ಹಾಡಿದರು.

ಮರ್ಸರ್ ಮಾಡಿದ ದೊಡ್ಡ ಕೆಲಸ ಇದು: ಪೀಠಿಕೆಯಿಂದ ಎಲೆಯನ್ನು ಎತ್ತಿಕೊಂಡು ಪಲ್ಲವಿಯ ಮೇಲೆ ಇಟ್ಟರು. ಪೀಠಿಕೆ ಬಿಟ್ಟೇ ಹೋಯಿತು. ಇಂಗ್ಲಿಷಿನಲ್ಲಿ ಜನ ಹಾಡುವುದು ಪಲ್ಲವಿಯನ್ನು ಮಾತ್ರ. ಅದರಲ್ಲಿ ಕಿಟಕಿ ಬಂತು, ಆಚೆ ಉದುರುವ ಕೆಂಪು–ಹೊನ್ನಿನ ಬಣ್ಣದ ಎಲೆ ಬಂತು, ಬೇಸಗೆಯ ಮುತ್ತುಗಳು ಬಂದವು, ಬಿಸಿಲಿಗೆ ಕಂದಿದ ಕೈಗಳು ಬಂದವು. ಸಲಿಕೆ ಹೋಯಿತು. ಕಡಲು ಹೋಯಿತು. ಹಾಡಿನೊಳಗೆ ಇದ್ದ ಹಾಡೂ ಹೋಯಿತು.

ಇನ್ನೊಂದು ಬದಲಾವಣೆ ಇದಕ್ಕಿಂತ ಆಳದ್ದು. ಪ್ರೆವೆರ್ ಹಾಡಿನಲ್ಲಿ ತಪ್ಪು ಯಾರದ್ದೂ ಅಲ್ಲ. ಬೇರೆ ಮಾಡಿದ್ದು ಬದುಕು. ಅದು ಎಲ್ಲ ಪ್ರೇಮಿಗಳ ಮಾತು. ಮರ್ಸರ್ ಹಾಡಿನಲ್ಲಿ ನೀನು ಹೋದೆ, ನಾನು ಉಳಿದೆ. ಅದು ಕಿಟಕಿಯ ಒಳಗೆ ಕೂತ ಒಬ್ಬರ ಮಾತು. ಫ್ರೆಂಚ್ ಹಾಡಿಗೆ ಎದುರಿಗೆ ಕೇಳುವವರು ಬೇಕು. ಇಂಗ್ಲಿಷ್ ಹಾಡನ್ನು ಒಬ್ಬರೇ ಕೂತು ಹಾಡಿಕೊಳ್ಳಬಹುದು.

ಹಾಗಾದ್ರೆ ಮರ್ಸರ್ ಹಾಡನ್ನು ಕೆಡಿಸಿದರಾ?

ಇಲ್ಲ. ಹಾಗೆ ಹೇಳುವವರು ಇದ್ದಾರೆ, ನಾನು ಒಪ್ಪುವುದಿಲ್ಲ. ಪ್ರೆವೆರ್ ಅವರ ಮಾತನ್ನು ಇಂಗ್ಲಿಷಿಗೆ ಸುಮ್ನೆ ತಿರುಗಿಸಿದ್ದರೆ ಅದು ಮಟ್ಟಿಗೆ ಕೂರುತ್ತಿರಲಿಲ್ಲ, ಹಾಡುವವರ ನಾಲಿಗೆಗೂ ಒಗ್ಗುತ್ತಿರಲಿಲ್ಲ. ಮರ್ಸರ್ ಮಟ್ಟನ್ನು ಕೇಳಿ, ಅದರಲ್ಲಿ ತಮಗೆ ಕಂಡದ್ದನ್ನು ಬರೆದರು. ಎಲೆಗಳ ಬಣ್ಣದಿಂದ ಶುರು ಮಾಡಿ ಕೈಯ ಬಣ್ಣಕ್ಕೆ ಬಂದದ್ದು ದೊಡ್ಡ ಕಸುಬುದಾರನ ಕೆಲಸ. ಎಲೆ ಉದುರುವ ಕಾಲದಲ್ಲಿ ಹಗಲು ಗಿಡ್ಡ ಆಗುತ್ತದೆ. ಆದರೆ ನೀನಿಲ್ಲದೆ ದಿನ ಉದ್ದ ಆಯಿತು ಅನ್ನುತ್ತದೆ ಹಾಡು. ಅದು ಮರ್ಸರ್ ಅವರ ಸ್ವಂತದ್ದು, ಫ್ರೆಂಚಿನಲ್ಲಿ ಇಲ್ಲ.

ನನ್ನ ತಕರಾರು ಒಂದೇ. ಇಂಗ್ಲಿಷ್ ಕೇಳಿದವರು ಇಡೀ ಹಾಡು ಕೇಳಿದೆವು ಅಂದುಕೊಳ್ಳಬಾರದು. ಅರ್ಧ ಹಾಡು ಇನ್ನೂ ಫ್ರೆಂಚಿನಲ್ಲೇ ಇದೆ.

ಇಂಗ್ಲಿಷ್ ಬಿಟ್ಟು ಬೇರೆ ಯಾವ ಭಾಷೆಗಳಲ್ಲಿ ಇದೆ?

ಬಹಳ ಇವೆ. ಇಟಾಲಿಯನ್ನಿನಲ್ಲಿ ‘ಲೆ ಫೋಲ್ಯೆ ಮೋರ್ತೆ’, ಸ್ಪ್ಯಾನಿಷ್‌ನಲ್ಲಿ ‘ಲಾಸ್ ಓಹಾಸ್ ಮುವೆರ್ತಾಸ್’. ಎರಡೂ ಸತ್ತ ಎಲೆಗಳೇ. ಜಪಾನಿಯಲ್ಲಿ ‘ಕರೆಹಾ’, ಒಣಗಿದ ಎಲೆ. ಇವುಗಳ ಎದುರು ಇಂಗ್ಲಿಷ್ ಸಾವನ್ನು ಬಿಟ್ಟು ಋತುವನ್ನು ಹಿಡಿಯಿತು.

ಜಪಾನಿನ ಕಥೆ ವಿಶೇಷ. ಯುದ್ಧ ಮುಗಿದ ಮೇಲೆ ಅಲ್ಲಿ ಫ್ರೆಂಚ್ ಹಾಡುಗಳ ಹುಚ್ಚು ಹತ್ತಿತು. ಟೋಕಿಯೋದ ಗಿಂಝಾದಲ್ಲಿ ‘ಗಿನ್‌ಪಾರಿ’ ಅನ್ನುವ ಕೆಫೆ 1951ರಿಂದ 1990ರವರೆಗೆ ನಡೆಯಿತು. ಕಾಫಿ ಕುಡಿಯುತ್ತಾ ಜಪಾನಿ ಮಾತಿನ ಫ್ರೆಂಚ್ ಹಾಡು ಕೇಳುವ ಜಾಗ ಅದು. ಆ ಲೋಕದಲ್ಲಿ ‘ಕರೆಹಾ’ ಎಲ್ಲರಿಗೂ ಬರುವ ಹಾಡು.

ಒಬ್ಬರೇ ಎರಡು ಭಾಷೆಯಲ್ಲಿ ಹಾಡಿದ್ದಾರಾ?

ಹೌದು. ಫ್ರೆಂಚ್ ಗಾಯಕಿ ಎಡಿತ್ ಪಿಯಾಫ್ 1950ರ ಡಿಸೆಂಬರಿನಲ್ಲಿ ಅಮೆರಿಕದ ರೇಡಿಯೋದಲ್ಲಿ ಇದನ್ನು ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಹಾಡಿದರು. ಅವರ ಇಂಗ್ಲಿಷ್ ಉಚ್ಚಾರದಲ್ಲಿ ಫ್ರೆಂಚ್ ಎದ್ದು ಕಾಣುತ್ತದೆ. ಅದೇ ಅದರ ಸೊಗಸು. ಇಂಗ್ಲಿಷ್ ಮಾತು ಮುಗಿಸಿ ಫ್ರೆಂಚಿಗೆ ಬಂದಾಗ ದನಿ ಮನೆಗೆ ಬಂದ ಹಾಗೆ ಸಡಿಲಾಗುತ್ತದೆ.

ಉಲ್ಟಾ ಉದಾಹರಣೆಯೂ ಇದೆ. ಅಮೆರಿಕದ ರಾಕ್ ಹಾಡುಗಾರ ಇಗ್ಗಿ ಪಾಪ್ 2009ರ ಆಲ್ಬಮ್ಮಿನಲ್ಲಿ ಇದನ್ನು ಫ್ರೆಂಚಿನಲ್ಲೇ ಹಾಡಿದರು. ಒರಟು, ತಗ್ಗು ದನಿ. ಬೇಡ ಅನ್ನಿಸಬಹುದು ಅಂತ ಕೇಳಲು ಕೂತರೆ ಮನಸ್ಸು ಹಿಡಿದು ನಿಲ್ಲಿಸುತ್ತದೆ.

ಈ ಹಾಡಿನ ಬಗ್ಗೆಯೇ ಇನ್ನೊಂದು ಹಾಡು ಇದೆಯಂತೆ, ನಿಜವಾ?

ನಿಜ. ಫ್ರೆಂಚ್ ಹಾಡುಗಾರ ಸೆರ್ಜ್ ಗ್ಯಾನ್ಸ್‌ಬೂರ್ 1961ರಲ್ಲಿ ‘ಲಾ ಶಾನ್ಸೋನ್ ದ ಪ್ರೆವೆರ್’ ಅಂತ ಒಂದು ಹಾಡು ಮಾಡಿದರು, ಪ್ರೆವೆರ್ ಅವರ ಒಪ್ಪಿಗೆ ಪಡೆದೇ. ಆ ತರಗೆಲೆಯ ಹಾಡು ಕೇಳಿದಾಗಲೆಲ್ಲ ಹಳೆ ಪ್ರೀತಿ ನೆನಪಾಗುತ್ತದೆ ಅನ್ನುವುದೇ ಅದರ ವಿಷಯ.

ಮಾತೇ ಇಲ್ಲದ ರೆಕಾರ್ಡಿಂಗುಗಳು ಯಾಕೆ ಇಷ್ಟೊಂದು?

1955ರಲ್ಲಿ ರೋಜರ್ ವಿಲಿಯಮ್ಸ್ ಅನ್ನುವ ಪಿಯಾನೋ ವಾದಕ ಇದನ್ನು ಬರೀ ವಾದ್ಯದಲ್ಲಿ ನುಡಿಸಿದರು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ನಂ. 1 ಆಯಿತು. ಮೇಲಿನಿಂದ ಕೆಳಕ್ಕೆ ಜಾರುವ ಸ್ವರಗಳ ಸುರಿಮಳೆ ಅದರಲ್ಲಿದೆ. ಎಲೆ ಉದುರುವುದನ್ನು ಬೆರಳಲ್ಲೇ ತೋರಿಸಿದ್ದು. ಮುಂದಿನ ವರ್ಷ ‘ಆಟಮ್ ಲೀವ್ಸ್’ ಹೆಸರಿನದೇ ಹಾಲಿವುಡ್ ಸಿನಿಮಾ ಬಂತು, ಜೋನ್ ಕ್ರಾಫರ್ಡ್ ನಟಿಸಿದ್ದು. ಅದರ ಟೈಟಲ್ ಮೇಲೆ ನ್ಯಾಟ್ ಕಿಂಗ್ ಕೋಲ್ ಹಾಡಿದರು.

ಜಾಝ್‌ನವರು ಹಿಡಿದದ್ದು ಬೇರೆ ಕಾರಣಕ್ಕೆ. ಈ ಹಾಡಿನ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಒಂದರ ಕೈ ಹಿಡಿದು ಇನ್ನೊಂದು ಬರುವ ಹಾಗೆ ಸಾಗುತ್ತವೆ. ಪ್ರತಿ ಕಾರ್ಡ್ ನಾಲ್ಕು ಸ್ವರ ಮೇಲಿನದಕ್ಕೆ ದಾರಿ ಬಿಡುತ್ತದೆ. ಮೊದಲು ಮೇಜರ್‌ಗೆ ಹೋಗಿ ಒಂದು ಕ್ಷಣ ಬೆಳಕು ಕಾಣುತ್ತದೆ, ಕೂಡಲೇ ಮೈನರ್‌ಗೆ ಇಳಿಯುತ್ತದೆ. ಜಾಝ್ ಕಲಿಯುವವರಿಗೆ ಬೇಕಾದ ಎರಡು ಮುಖ್ಯ ನಡೆಗಳೂ ಎಂಟು ಬಾರ್ (ತಾಳದ ಆವರ್ತ) ಒಳಗೆ ಸಿಗುತ್ತವೆ. ಅದಕ್ಕೇ ಮೇಷ್ಟ್ರುಗಳು ಶುರುವಿನ ಪಾಠಕ್ಕೆ ಇದನ್ನೇ ಕೊಡುತ್ತಾರೆ.

1958ರಲ್ಲಿ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ತಮ್ಮ ‘ಸಮ್‌ಥಿಂಗ್ ಎಲ್ಸ್’ ಆಲ್ಬಮ್ಮಿಗೆ ಮೈಲ್ಸ್ ಡೇವಿಸ್ ಜೊತೆ ನುಡಿಸಿದ್ದು ಸುಮಾರು 11 ನಿಮಿಷ ಇದೆ. ಮೈಲ್ಸ್ ದನಿ ತಗ್ಗಿಸುವ ಮ್ಯೂಟ್ ಹಾಕಿದ ಟ್ರಂಪೆಟ್ಟಿನಲ್ಲಿ ಮಟ್ಟನ್ನು ಬಿಡಿಬಿಡಿಯಾಗಿ, ಮಧ್ಯೆ ಮಧ್ಯೆ ಜಾಗ ಬಿಟ್ಟು ನುಡಿಸುತ್ತಾರೆ. ಮೊಂತಾಂ ಮಾತಾಡುವ ಹಾಗೆ ಹಾಡಿದ್ದು ಹೇಗೋ, ಇವರು ಮಾತಾಡುವ ಹಾಗೆ ಊದಿದ್ದು ಹಾಗೆ. 1959ರ ಡಿಸೆಂಬರಿನಲ್ಲಿ ಪಿಯಾನೋ ವಾದಕ ಬಿಲ್ ಎವನ್ಸ್ ತಮ್ಮ ಟ್ರಯೋದಲ್ಲಿ ರೆಕಾರ್ಡ್ ಮಾಡಿದ್ದು ಇದಕ್ಕೆ ವಿರುದ್ಧ. ವೇಗ, ಚುರುಕು. ಪಿಯಾನೋ, ಬಾಸ್, ಡ್ರಮ್ಸ್ ಮೂವರೂ ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುತ್ತಾ ಹೋಗುತ್ತಾರೆ.

ನಮ್ಮ ಸಂಗೀತದ ಪ್ರಕಾರ ಇದು ಯಾವ ರಾಗ?

ರಾಗ ಅಂತ ಹೇಳುವಂತಿಲ್ಲ, ಇಲ್ಲಿ ಕಾರ್ಡ್‌ಗಳ ಪಾತ್ರ ದೊಡ್ಡದು. ಆದರೆ ಸ್ವರ ಹೇಳಬಹುದು. ಪಲ್ಲವಿಯ ಬಹುಪಾಲು ನಟಭೈರವಿಯ ಸ್ವರಗಳಲ್ಲಿ ಇದೆ. ಹಿಂದೂಸ್ತಾನಿಯವರಿಗೆ ಅಸಾವರಿ ಥಾಟ್.

ಪಲ್ಲವಿಯ ಮೊದಲ ತುಣುಕು ಸ ರಿ ಗ, ಆಮೇಲೆ ಎಗರಿ ದಾ, ಅಲ್ಲಿ ನಿಲ್ಲುತ್ತದೆ. ಎರಡನೆಯದು ಕೆಳಗಿನ ನಿಷಾದದಿಂದ: ನಿ ಸ ರಿ, ಎಗರಿ ಪಾ. ಮೂರನೆಯದು ಇನ್ನೂ ಒಂದು ಮೆಟ್ಟಿಲು ಕೆಳಗಿನಿಂದ: ದ ನಿ ಸ, ಎಗರಿ ಮಾ. ನಾಲ್ಕನೆಯದು ಗಾಂಧಾರದಲ್ಲಿ ನಿಲ್ಲುತ್ತದೆ. ಅದರ ಮುಂಚೆ ಕಾಕಲಿ ನಿಷಾದ ಇಣುಕುತ್ತದೆ.

ಹಾಡಿ ನೋಡಿ. ಪ್ರತಿ ಸಲವೂ ರಾಗ ಮೇಲೆ ಹತ್ತುತ್ತದೆ. ಆದರೆ ನಿಲ್ಲುವ ಸ್ವರಗಳನ್ನು ಮಾತ್ರ ಜೋಡಿಸಿದರೆ ದಾ, ಪಾ, ಮಾ, ಗಾ. ಒಂದೊಂದೇ ಮೆಟ್ಟಿಲು ಕೆಳಕ್ಕೆ. ಏಳಲು ನೋಡುತ್ತಾ ನೋಡುತ್ತಾ ಇಳಿಯುವ ಮಟ್ಟು ಇದು. ಭಾಷೆ ಗೊತ್ತಿಲ್ಲದವರಿಗೂ ವಿಷಯ ತಲುಪುವುದು ಇಲ್ಲಿಂದಲೇ.

ನಮ್ಮಲ್ಲೂ ಒಂದೇ ಮಟ್ಟು ಹಲವು ಭಾಷೆಗೆ ಹೋಗುತ್ತಲ್ಲಾ?

ಧಾರಾಳವಾಗಿ. 1981ರ ಕನ್ನಡದ ‘ಗೀತಾ’ ಸಿನಿಮಾಕ್ಕೆ ಇಳಯರಾಜ ಮಾಡಿದ ‘ಜೊತೆಯಲಿ ಜೊತೆಜೊತೆಯಲಿ’ ಮಟ್ಟು 1984ರಲ್ಲಿ ತಮಿಳಿಗೆ ಹೋಯಿತು, 2007ರಲ್ಲಿ ‘ಚೀನಿ ಕಮ್’ ಮೂಲಕ ಹಿಂದಿಗೂ ಹೋಯಿತು. ಅಲ್ಲಿ ಸಂಗೀತಗಾರರು ತಾವೇ ತಮ್ಮ ಮಟ್ಟನ್ನು ಹೊತ್ತು ಭಾಷೆಯಿಂದ ಭಾಷೆಗೆ ನಡೆದರು. ಕೋಸ್ಮಾ ಹಾಗಲ್ಲ, ಅವರು ಪ್ಯಾರಿಸ್‌ನಲ್ಲೇ ಇದ್ದರು, ಮಟ್ಟು ಹೊರಟು ಹೋಯಿತು.

ಇದನ್ನು ಕನ್ನಡದಲ್ಲಿ ಬರೆದು ಹಾಡಬಹುದಾ?

ಮನೆಯಲ್ಲಿ, ಗೆಳೆಯರ ನಡುವೆ ಧಾರಾಳವಾಗಿ ಹಾಡಿಕೊಳ್ಳಿ. ರೆಕಾರ್ಡ್ ಮಾಡಿ ಹೊರಗೆ ಬಿಡುವುದಾದರೆ ಅನುಮತಿ ಬೇಕು. ಭಾರತದ ಕಾನೂನಿನಲ್ಲಿ ಸಾಹಿತ್ಯ, ಸಂಗೀತದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಫ್ರಾನ್ಸಿನಲ್ಲಿ 70 ವರ್ಷ. ಅನುವಾದ ಮಾಡುವುದೂ ಆ ಹಕ್ಕಿನೊಳಗೇ ಬರುತ್ತದೆ. ಪ್ರೆವೆರ್ ತೀರಿಕೊಂಡದ್ದು 1977ರಲ್ಲಿ, ಲೆಕ್ಕ ನೀವೇ ಹಾಕಿ. ಹಾಡಿನ ಪ್ರಕಾಶಕರನ್ನು ಕೇಳಿಯೇ ಮುಂದುವರಿಯಬೇಕು.

ಬರೆಯಲು ಕೂತವರಿಗೆ ಎರಡು ಮಾತು. ಒಂದು, ಋತು. ಆಟಮ್ ಅಂದ ಕೂಡಲೇ ಶರತ್ಕಾಲ ಅಂತ ಬರೆಯಬೇಡಿ. ನಮ್ಮ ಶರದೃತು ಅಂದರೆ ಮಳೆ ಮುಗಿದು ತೊಳೆದಿಟ್ಟ ಆಕಾಶ, ದಸರಾ, ತುಂಬು ಬೆಳದಿಂಗಳು. ಆಗ ನಮ್ಮಲ್ಲಿ ಎಲೆ ಉದುರುವುದಿಲ್ಲ. ಎಲೆ ಉದುರುವುದು ಶಿಶಿರದಲ್ಲಿ, ಶಿವರಾತ್ರಿಯ ಆಸುಪಾಸು. ಬೆನ್ನಿಗೇ ಯುಗಾದಿ, ಚಿಗುರು. ಹಾಗಾಗಿ ಕನ್ನಡದಲ್ಲಿ ಉದುರಿದ ಎಲೆ ಅಂದರೆ ಮುಂದೆ ಚಳಿ ಕಾದಿದೆ ಅನ್ನುವ ಭಯ ಬರುವುದಿಲ್ಲ. ಈ ಕಷ್ಟವನ್ನು ದಾಟಲು ಪ್ರೆವೆರ್ ದಾರಿಯೇ ಮೇಲು: ಎಲೆಯನ್ನು ಪೀಠಿಕೆಗೆ ಬಿಟ್ಟು, ಪಲ್ಲವಿಗೆ ಕಡಲನ್ನು ತನ್ನಿ. ಮರಳಿನ ಮೇಲಿನ ಹೆಜ್ಜೆ ಪಣಂಬೂರಿನಲ್ಲೂ ಅಳಿಸುತ್ತದೆ, ಕಾರವಾರದಲ್ಲೂ ಅಳಿಸುತ್ತದೆ.

ಎರಡು, ಅಳತೆ. ಪಲ್ಲವಿಯ ತುಣುಕು ತಾಳದ ಒಂದು ಏಟು ಬಿಟ್ಟು ಎತ್ತಿಕೊಳ್ಳುತ್ತದೆ. ಮೂರು ಗಿಡ್ಡ ಸ್ವರ, ಒಂದು ಉದ್ದ ಸ್ವರ. ಕನ್ನಡದ ಮಾತು ಹೆಚ್ಚಾಗಿ ಸ್ವರಾಕ್ಷರದಲ್ಲೇ ಮುಗಿಯುವುದರಿಂದ ಉದ್ದ ಎಳೆಯಲು ಅನುಕೂಲ. ‘ತರಗೆಲೇ’ ಅಂದು ನೋಡಿ, ನಾಲ್ಕು ಸ್ವರಕ್ಕೆ ಸರಿಯಾಗಿ ಕೂರುತ್ತದೆ. ‘ಅಲೆಗಳೇ’, ‘ಮರೆತೆಯಾ’ ಕೂಡ ಕೂರುತ್ತವೆ. ಒತ್ತಕ್ಷರ ಇರುವ ದೊಡ್ಡ ದೊಡ್ಡ ಸಂಸ್ಕೃತ ಪದ ಹಾಕಿದರೆ ಮೊದಲ ಮೂರು ಸ್ವರ ಎಡವುತ್ತವೆ.

ಯಾವುದರಿಂದ ಕೇಳಲು ಶುರು ಮಾಡಲಿ?

ಮೊದಲು ಮೊಂತಾಂ, ಪೀಠಿಕೆ ಇರುವ ರೆಕಾರ್ಡಿಂಗೇ ಆಗಬೇಕು. ಆಮೇಲೆ ಕೋರಾ ವೊಕೇರ್. ಇಂಗ್ಲಿಷಿಗೆ ನ್ಯಾಟ್ ಕಿಂಗ್ ಕೋಲ್ ಸಾಕು ಅನ್ನುವವರು ಇದ್ದಾರೆ. ನಾನು ಈವಾ ಕ್ಯಾಸಿಡಿಯನ್ನು ಸೇರಿಸುತ್ತೇನೆ. 1996ರ ಜನವರಿಯಲ್ಲಿ ವಾಷಿಂಗ್ಟನ್ನಿನ ಬ್ಲೂಸ್ ಆಲಿ ಕ್ಲಬ್ಬಿನಲ್ಲಿ ಗಿಟಾರ್ ಹಿಡಿದು ಹಾಡಿದ್ದು. ಆಕೆ ಅದೇ ವರ್ಷ ನವೆಂಬರಿನಲ್ಲಿ, 33ನೇ ವಯಸ್ಸಿನಲ್ಲಿ ತೀರಿಕೊಂಡರು. ಲೋಕಕ್ಕೆ ಆಕೆಯ ಹೆಸರು ಗೊತ್ತಾದದ್ದು ಆಮೇಲೆ. ಇಂಗ್ಲಿಷ್ ಸಾಹಿತ್ಯವನ್ನು ಇಷ್ಟು ನಿಧಾನವಾಗಿ, ಒಂದೊಂದು ಮಾತನ್ನೂ ನಂಬಿ ಹಾಡಿದವರನ್ನು ನಾನು ಬೇರೆ ಕೇಳಿಲ್ಲ. ವಾದ್ಯಕ್ಕೆ ಆಡರ್ಲಿ–ಮೈಲ್ಸ್ ರೆಕಾರ್ಡಿಂಗ್, ಮಧ್ಯೆ ನಿಲ್ಲಿಸದೆ ಪೂರ್ತಿ ಕೇಳಿ.